ಗೇಟಿನಾಚೆಯ ತಮಟೆ

ನಮ್ಮೂರಿನ ಹಳೇ ಟಾಕೀಸನ್ನು ಕೆಡವುವ ಮುಂಚೆ ಊರಿನವರು ಅದರೊಳಗೇ ಒಂದು ಸಭೆ ಮಾಡಿ ತಂತಮ್ಮ ನೆನಪುಗಳನ್ನು ಹೇಳಿಕೊಂಡರು. ಮೂರು ತಲೆಮಾರಿನಿಂದ ಒಂದೇ ಮನೆತನದ ಕೈಲಿದ್ದ ಟಾಕೀಸು. 'ನಮೋ ವೆಂಕಟೇಶಾ' ಹಾಕಿದ ಕೂಡಲೇ ಊಟ ಬಿಟ್ಟು ಓಡಿಬರುತ್ತಿದ್ದದ್ದು, ರೀಲು ಹರಿದಾಗ ಶಿಳ್ಳೆ ಹಾಕಿದ್ದು, ಕಾರ್ಬನ್ ಕಡ್ಡಿ ಸವೆದು ಪರದೆ ಮಂಕಾದದ್ದು, ಇಂಟರ್‌ವಲ್ಲಿನ ಕಡ್ಲೆಕಾಯಿ. ಎಲ್ಲಾ ನಿಜವೇ. ಕೊನೆಗೆ ನಿವೃತ್ತ ಮೇಷ್ಟ್ರೊಬ್ಬರು ಎದ್ದು, 'ಲೈಟು ಆರಿದ ಮೇಲೆ ಇಲ್ಲಿ ಜಾತಿ ಇರಲಿಲ್ಲ' ಎಂದರು. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ಮನೆಗೆ ಬಂದ ಮೇಲೆ ಯಾಕೆ ತಟ್ಟಿದೆ ಅನ್ನಿಸಿತು.

ಮೇಷ್ಟ್ರ ಮಾತು ಪೂರ್ತಿ ಸುಳ್ಳಲ್ಲ. ಹೋಟ್ಲಲ್ಲಿ ನಮಗೆ ಬೇರೆ ಲೋಟ ಇದ್ದ ಕಾಲದಲ್ಲೂ ಟಾಕೀಸಿನ ಕಿಂಡಿಯಿಂದ ಬರುತ್ತಿದ್ದ ಟಿಕೀಟಿಗೆ ಮೈಲಿಗೆ ಇರಲಿಲ್ಲ. ಆದರೆ ಯಾರ ಜೇಬಿನಲ್ಲಿ ಎಷ್ಟು ದುಡ್ಡಿರಬೇಕು ಎಂದು ನಿರ್ಧರಿಸಿದ್ದು ಯಾವುದು? ಲೈಟು ಹತ್ತಿದಾಗ ಒಮ್ಮೆ ತಿರುಗಿ ನೋಡಿದ್ದರೆ ಸಾಕಿತ್ತು, ನೆಲದಲ್ಲಿ ಯಾರು, ಬಾಲ್ಕನಿಯಲ್ಲಿ ಯಾರು ಅಂತ ಗೊತ್ತಾಗುತ್ತಿತ್ತು. (ಆ ನೆಲಕ್ಕೆ ಗಾಂಧಿಕ್ಲಾಸು ಅಂತ ಹೆಸರಿಟ್ಟವನು ಗೌರವಕ್ಕೆ ಇಟ್ಟನೋ ತಮಾಷೆಗೋ!)

ನಮ್ಮಪ್ಪನಿಗಂತೂ ಟಿಕೀಟೇ ಇರಲಿಲ್ಲ. ಪಿಕ್ಚರ್ ಬದಲಾದಾಗಲೆಲ್ಲ ಪೋಸ್ಟರ್ ಕಟ್ಟಿದ ಗಾಡಿಯ ಮುಂದೆ ತಮಟೆ ಬಡಿಯುತ್ತಾ ಬೀದಿ ಸುತ್ತುತ್ತಿದ್ದವನು ಅವನು. ಅದಕ್ಕೆ ಒಂದಿಷ್ಟು ಚಿಲ್ಲರೆ, ಮೇಲೆ ನೆಲದಲ್ಲಿ ಒಂದು ಆಟ ಪುಕ್ಕಟೆ. ಊರಿನ ಹೆಣದ ಮುಂದೆ ಬಡಿದ ತಮಟೆಯೇ ಮಾರನೇ ದಿನ ರಾಜಕುಮಾರರ ಪಿಕ್ಚರಿಗೂ ಆಗುತ್ತಿತ್ತು. 1972ರ 'ಬಂಗಾರದ ಮನುಷ್ಯ'ವನ್ನು ಅಪ್ಪ ಎಷ್ಟು ಸಲ ನೋಡಿದನೋ ಲೆಕ್ಕವಿಲ್ಲ. ಬಂಜರು ಹಸಿರಾಗುವುದನ್ನು ನೋಡಿ ನೋಡಿ ದಣಿಯುತ್ತಿರಲಿಲ್ಲ. ನಮಗೆ ಒಂದು ಗುಂಟೆಯೂ ಇರಲಿಲ್ಲ.

ಬಿ.ವಿ. ಕಾರಂತರ 'ಚೋಮನ ದುಡಿ' 1975ರದ್ದು. ಶಿವರಾಮ ಕಾರಂತರ 1933ರ ಕಾದಂಬರಿ. ಚಿತ್ರಕ್ಕೆ ಸ್ವರ್ಣಕಮಲ ಬಂತು, ಚೋಮನಾದ ವಾಸುದೇವರಾವ್‌ಗೆ ಶ್ರೇಷ್ಠ ನಟ ಪ್ರಶಸ್ತಿ ಬಂತು. ನಮ್ಮೂರಿಗೆ ಅದು ಬಂದದ್ದು ಎಷ್ಟೋ ವರ್ಷ ತಡವಾಗಿ, ಮಾರ್ನಿಂಗ್ ಷೋಗೆ. ನಾನಾಗ ಹಾಸ್ಟೆಲಿನಲ್ಲಿದ್ದೆ. ಕಾಲೇಜಿನ ಗೆಳೆಯರ ಜೊತೆ, ಸ್ಕಾಲರ್‌ಶಿಪ್ ದುಡ್ಡಲ್ಲಿ, ಮೊದಲ ಸಲ ಬಾಲ್ಕನಿಗೆ ಹೊರಟಿದ್ದೆ. ಗೇಟಿನಲ್ಲಿ ಅಪ್ಪ ಹುಲ್ಲಿನ ಬೆಂಕಿಗೆ ತಮಟೆ ಕಾಯಿಸುತ್ತಿದ್ದ. ನನ್ನನ್ನು ಕಂಡ. ನಾನು ಪೋಸ್ಟರ್ ನೋಡುವವನಂತೆ ಮುಖ ತಿರುಗಿಸಿದೆ. ಅವನೂ ಕರೆಯಲಿಲ್ಲ.

ಒಳಗೆ ಪರದೆಯ ಮೇಲೆ ದುಡಿ. ಬಾಲ್ಕನಿ ಕಣ್ಣೊರೆಸಿಕೊಂಡಿತು. ನಾನೂ ಅತ್ತೆ. ಅತ್ತು ಬಂದು ಕಾಲೇಜಿನ ಮ್ಯಾಗಜೀನಿಗೆ ಲೇಖನ ಬರೆದೆ. ದುಡಿ ಎಂದರೆ ಮನುಷ್ಯನ ಅಸ್ತಿತ್ವದ ಆಕ್ರಂದನ, ಅನಾಥಪ್ರಜ್ಞೆಯ ರೂಪಕ, ಇತ್ಯಾದಿ. ಮೇಷ್ಟ್ರುಗಳು ಬೆನ್ನು ತಟ್ಟಿದರು. ರಜೆಗೆ ಬಂದಾಗ ಅಪ್ಪನಿಗೆ ಓದಿ ಹೇಳಿದೆ. ನೆಲದಲ್ಲಿ ಕೂತು ಅವನೂ ಆ ಪಿಕ್ಚರ್ ನೋಡಿದ್ದ. ಪೂರ್ತಿ ಕೇಳಿಸಿಕೊಂಡು ಕೇಳಿದ್ದು ಒಂದೇ: 'ಅಷ್ಟೊತ್ತು ಬಡಿದ್ನಲ್ಲ ಕಣ್ಲಾ, ಅವನಿಗೆ ಕೂಲಿ ಯಾರು ಕೊಟ್ರು?'

ಪಾಪ, ಅಪ್ಪನಿಗೆ ಸಿನಿಮಾ ಅರ್ಥವಾಗಿಲ್ಲ ಅಂದುಕೊಂಡೆ. ಅರ್ಥವಾಗದಿದ್ದದ್ದು ನನಗೆ ಎಂದು ತಿಳಿಯಲು ವರ್ಷಗಳೇ ಬೇಕಾದವು. ನಮ್ಮ ವಿಮರ್ಶೆಗೆ ದುಡಿ ಸಂಕೇತ, ತಮಟೆ ಸಂಕೇತ. ಅದನ್ನು ಬಡಿದು ಹೊಟ್ಟೆ ಹೊರೆಯುವವನಿಗೆ ಅದು ದುಡಿಮೆ, ಅಂಗೈಯ ಬೊಬ್ಬೆ. ಚೋಮ ಬಡಿಯುವುದು ತನ್ನ ಗುಡಿಸಲಲ್ಲಿ, ತನ್ನ ದುಃಖಕ್ಕೆ. ಧಣಿಗೆ ಸಲ್ಲದ ಒಂದೇ ಒಂದು ಕೆಲಸ ಅದು. ನಮ್ಮಪ್ಪ ತನಗಾಗಿ ತಮಟೆ ಬಡಿದದ್ದನ್ನು ನಾನು ನೋಡಿಯೇ ಇಲ್ಲ. ಅವನ ಪ್ರಶ್ನೆಯಲ್ಲಿ ಲೆಕ್ಕವೂ ಇತ್ತು, ಒಂದಿಷ್ಟು ಹೊಟ್ಟೆಕಿಚ್ಚೂ ಇತ್ತೇನೋ.

ಈ ಚಿತ್ರ ಬಂದದ್ದು 1974ರ ಭೂಸುಧಾರಣೆ ಜಾರಿಯಾದ ಮರುವರ್ಷ. ಉಳುವವನಿಗೆ ಭೂಮಿ ಎಂದ ಕಾನೂನು ಗೇಣಿದಾರನನ್ನು ಕಂಡಿತು, ಗೇಣಿಯೂ ಸಿಗದ ಕೂಲಿಯವನನ್ನು ಅಷ್ಟಾಗಿ ಕಾಣಲಿಲ್ಲ. ಚೋಮ ಗೇಣಿದಾರನೂ ಅಲ್ಲ. ಹೊಲೆಯ ಬೇಸಾಯ ಮಾಡಬಾರದು ಎಂಬುದೇ ಅವನ ಕತೆಯ ಗಂಟು. ಹೊರಗೆ ಡಿಕ್ಲರೇಷನ್ ಫಾರಂ ತುಂಬುತ್ತಿದ್ದ ಕಾಲದಲ್ಲೇ ಒಳಗೆ ಅವನನ್ನು ಹಳೆಯ ಕಾಲದ ದುಃಖವಾಗಿ ನೋಡಿ ಅಳಲು ಬಾಲ್ಕನಿಗೆ ಸಾಧ್ಯವಾಯಿತು. ಇದು ವಾಸುದೇವರಾವ್ ಅವರ ತಪ್ಪಲ್ಲ. ಆ ಮುಖವನ್ನು ನಾನು ಈಗಲೂ ಮರೆತಿಲ್ಲ. ಆದರೆ ಚಿತ್ರ ನಮ್ಮನ್ನು ಅಳಿಸುತ್ತದೆಯೇ ಹೊರತು ಯಾರನ್ನೂ ಕಟಕಟೆಗೆ ನಿಲ್ಲಿಸುವುದಿಲ್ಲ. ನಾಗರಾಜ ಮಂಜುಳೆಯ 'ಫಂಡ್ರಿ' (2013) ನೋಡಿದಾಗ, ಕೊನೆಯಲ್ಲಿ ಆ ಹುಡುಗ ಎಸೆದ ಕಲ್ಲು ನೇರ ನನ್ನ ಕಡೆಗೇ ಬಂದು, ಬಾಲ್ಕನಿಯ ಆ ಕುರ್ಚಿ ನೆನಪಾಯಿತು.

ಸಭೆಯಲ್ಲಿ ನನಗೂ ಮೈಕು ಕೊಟ್ಟಿದ್ದರು. ಕಡ್ಲೆಕಾಯಿ ವಿಷಯ ಮಾತಾಡಿ ಇಳಿದೆ. ಹೊರಗೆ ಗೇಟಿನಲ್ಲಿ, ಜನ ಸೇರಿಸಲು ಕರೆಸಿದ್ದ ನಮ್ಮ ಕೇರಿಯ ಹುಡುಗನೊಬ್ಬ ತಮಟೆ ಕೆಳಗಿಟ್ಟು ಕೂತಿದ್ದ. ಎಷ್ಟು ಕೊಟ್ಟರಪ್ಪ ಅಂದೆ.

'ಇನ್ನೂ ಕೊಟ್ಟಿಲ್ಲಣ್ಣ' ಅಂದ.