ಡಿಸ್ಕ್‌ಗೆ ಎಷ್ಟು ಉಪಚಾರ ಬೇಕು?

ವಿಂಡೋಸ್ 98 ಕಾಲದವರು ಫೈಲುಗಳ ಚೆದುರಿದ ಚೂರುಗಳನ್ನು ಒಟ್ಟುಗೂಡಿಸುವ ಡಿಫ್ರ್ಯಾಗ್ ಕಿಟಕಿಯನ್ನು ಮರೆತಿರಲಾರರು. ‘ಶೋ ಡೀಟೇಲ್ಸ್’ ಒತ್ತಿದರೆ ಪರದೆ ತುಂಬ ಬಣ್ಣಬಣ್ಣದ ಪುಟ್ಟ ಚೌಕಗಳು. ಅವು ಜಾಗ ಬದಲಿಸಿ ಸಾಲುಗಟ್ಟುವುದನ್ನು ಗಂಟೆಗಟ್ಟಲೆ ನೋಡುತ್ತ ಕೂರುವ ರಸಿಕರಿದ್ದರು. ನಡುವೆ ಸ್ಕ್ರೀನ್‌ಸೇವರ್ ಎದ್ದುಬಿಟ್ಟರೆ ಗ್ರಹಚಾರ: ಡಿಸ್ಕ್‌ನಲ್ಲಿ ಏನೋ ಬದಲಾಗಿದೆ ಎಂದು ಕೆಲಸ ಮತ್ತೆ ಮೊದಲಿನಿಂದ. ಬಲ್ಲವರು ಸೇಫ್ ಮೋಡ್‌ನಲ್ಲಿ ಶುರುಮಾಡಿ, ಕರೆಂಟು ಹೋಗದಿರಲಿ ಎಂದುಕೊಂಡು ಮಲಗುತ್ತಿದ್ದರು.

ಅದು ಬರೀ ಚಟವೇನಲ್ಲ, ಲೆಕ್ಕವಿದೆ. ಹಾರ್ಡ್ ಡಿಸ್ಕ್‌ನೊಳಗಿನ ತಟ್ಟೆ ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತದೆ. 7,200ರದ್ದೇ ಆದರೂ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್, ಬೇಕಾದ ಜಾಗ ಹೆಡ್‌ನ ಕೆಳಗೆ ಬರಲು ಸರಾಸರಿ ಅದರರ್ಧ ಕಾಯಬೇಕು. ಹೆಡ್ ಆ ಸಾಲಿಗೆ ಸರಿಯಲು ಇನ್ನೊಂದು ಎಂಟೊಂಬತ್ತು ಮಿಲಿಸೆಕೆಂಡ್. ಫೈಲೊಂದು ನೂರು ಚೂರಾಗಿ ಚೆದುರಿದ್ದರೆ ಓದುವುದಿರಲಿ, ಈ ಓಡಾಟಕ್ಕೇ ಒಂದು ಸೆಕೆಂಡಿಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ.

ಎಸ್‌ಎಸ್‌ಡಿಯಲ್ಲಿ ತಟ್ಟೆಯೂ ಇಲ್ಲ, ಹೆಡ್ಡೂ ಇಲ್ಲ. ಚೂರುಗಳು ಎಲ್ಲಿದ್ದರೂ ಅದಕ್ಕೆ ಹೆಚ್ಚುಕಡಿಮೆ ಒಂದೇ. ಕೈಯಾರೆ ಡಿಫ್ರ್ಯಾಗ್ ಓಡಿಸಿದರೆ ಇಷ್ಟೇ ಸಲ ಬರೆಯಬಹುದು ಎಂಬ ಮಿತಿಯಿರುವ ಫ್ಲ್ಯಾಶ್ ಕೋಶಗಳು ಸುಮ್ಮನೆ ಸವೆಯುತ್ತವೆ. ಅದಕ್ಕೆ ಬೇಕಾದದ್ದು ಟ್ರಿಮ್: ಅಳಿಸಿದ ಫೈಲಿನ ಜಾಗ ಖಾಲಿಯಾಯಿತು ಎಂದು ಡ್ರೈವ್‌ಗೆ ಹೇಳುವ ಆದೇಶ. ವಿಂಡೋಸ್ 7ರಿಂದ ಇದು ತಾನಾಗಿಯೇ ನಡೆಯುತ್ತಿದೆ. ಈಗಿನ ‘ಆಪ್ಟಿಮೈಜ್ ಡ್ರೈವ್ಸ್’ ಡಿಸ್ಕ್ ಯಾವುದೆಂದು ನೋಡಿ ವಾರಕ್ಕೊಮ್ಮೆ ತಕ್ಕ ಕೆಲಸ ಮಾಡಿಕೊಳ್ಳುತ್ತದೆ. ಆ ವೇಳಾಪಟ್ಟಿ ‘ಆನ್’ ಇದೆಯೇ ಎಂದು ಇಣುಕಿದರೆ ಸಾಕು.

ಇದರ ಮೇಲೆ ‘ಪ್ರಿಫೆಚ್’ ಫೋಲ್ಡರ್ ಖಾಲಿ ಮಾಡುವುದೊಂದು ಮಡಿ! ಪ್ರೋಗ್ರಾಂಗಳು ಬೇಗ ತೆರೆಯಲೆಂದೇ ವಿಂಡೋಸ್ ಬರೆದಿಟ್ಟುಕೊಂಡ ಟಿಪ್ಪಣಿ ಅದು. ಅಳಿಸಿದರೆ ಮುಂದಿನ ಸಲ ಇನ್ನಷ್ಟು ತಡ.

ಜಾಗ ನಿಜವಾಗಿ ಎಲ್ಲಿ ಹೋಗಿದೆ ಎಂದು ನೋಡಲು ವಿನ್‌ಡರ್‌ಸ್ಟ್ಯಾಟ್ ಇದೆ, ಉಚಿತ. ಫೈಲು ದೊಡ್ಡದಾದಷ್ಟೂ ಬಣ್ಣದ ಆಯತವೂ ದೊಡ್ಡದು; ಹಳೆಯ ರಸಿಕರಿಗೆ ಹಬ್ಬ. ಡೌನ್‌ಲೋಡ್ಸ್‌ನಲ್ಲಿ ಎರಡೆರಡು ಸಲ ಇಳಿಸಿದ ಸಿನಿಮಾ, ಎಂದೋ ಮಾರಿದ ಫೋನಿನ ಬ್ಯಾಕಪ್, ಎಲ್ಲ ಅಲ್ಲೇ ಸಿಕ್ಕಿಬೀಳುತ್ತವೆ.

ವೇಗದ ಹುಚ್ಚಿನಲ್ಲಿ ಎಲ್ಲರೂ ಬಿಟ್ಟುಬಿಡುವ ತಪಾಸಣೆ ಇನ್ನೊಂದು. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ತೆರೆದರೆ ಹಾರ್ಡ್ ಡಿಸ್ಕ್ ತನ್ನ ಬಗ್ಗೆ ತಾನೇ ಬರೆದುಕೊಂಡ ಪಟ್ಟಿ ಕಾಣುತ್ತದೆ. 05ನೇ ಸಾಲು ಕೆಟ್ಟು ಬದಲಿಯಾದ ಸೆಕ್ಟರ್‌ಗಳದ್ದು, ಸಿ5 ಓದಲಾಗದೆ ತೀರ್ಮಾನಕ್ಕೆ ಕಾದಿರುವವುಗಳದ್ದು. ಸಿ5 ಸಾಲಿನ ಕೊನೆಯ ಅಂಕಿ ಸೊನ್ನೆ ಬಿಟ್ಟು ಮೇಲೇರುತ್ತಿದ್ದರೆ ಡಿಫ್ರ್ಯಾಗ್ ಬೇಡ, ಚೆಕ್‌ಡಿಸ್ಕ್ ಕೂಡ ಸದ್ಯಕ್ಕೆ ಬೇಡ. ಸಾಯುತ್ತಿರುವ ಡಿಸ್ಕನ್ನು ಓಡಾಡಿಸಿದಷ್ಟೂ ಕಷ್ಟ. ಮೊದಲು ಫೋಟೊ, ಪತ್ರಗಳನ್ನು ಬೇರೆಡೆ ನಕಲು ಮಾಡಬೇಕು. ಆಮೇಲೆ ವಿಂಡೋಸ್‌ಗೊಂದು ಸಾಟಾ ಎಸ್‌ಎಸ್‌ಡಿ ಹಾಕಿಸಿದರೆ ಹತ್ತು ವರ್ಷದ ಹಳೆಯ ಡೆಸ್ಕ್‌ಟಾಪೂ ಚುರುಕಾಗುತ್ತದೆ, ಯಾವ ಡಿಫ್ರ್ಯಾಗ್‌ನಿಂದಲೂ ಬಾರದಷ್ಟು.