ಪಹಣಿಯಲ್ಲಿಲ್ಲದ ರೈತ

ವಿಮರ್ಶೆ ಬರೀ ಕತೆ, ಕವಿತೆಗಳಿಗೆ ಮೀಸಲಾದದ್ದಲ್ಲ. ಹಳ್ಳಿಯ ಬಡವನ ಬದುಕನ್ನು ಆಳುವುದು ಕಾದಂಬರಿಯಲ್ಲ, ಪಹಣಿ. ಅದನ್ನೂ ಒಂದು ಕೃತಿಯಂತೆ ಓದಬೇಕು. ಯಾರನ್ನು ಬಿಟ್ಟು ಬರೆದರು ಎಂದು ಕೇಳಬೇಕು.

ಪಹಣಿಯ 9ನೇ ಕಾಲಮ್ಮಿನಲ್ಲಿ ಹೊಲದ ಒಡೆಯನ ಹೆಸರು. 12ನೇ ಕಾಲಮ್ಮಿನಲ್ಲಿ ಸಾಗುವಳಿ ಮಾಡುವವನ ಹೆಸರು ಇರಬೇಕು. ರೂಪನಗುಡಿ ಹೋಬಳಿಯ ಎರೆಹೊಲದಲ್ಲಿ ಗುತ್ತಿಗೆಗೆ ಹತ್ತಿಯನ್ನೋ ಮೆಣಸಿನಕಾಯಿಯನ್ನೋ ಹಾಕಿದವನನ್ನು ನೆನೆಸಿಕೊಳ್ಳಿ. ಗುತ್ತಿಗೆ ಹಣ ಅವನದು. ಬೀಜ ಗೊಬ್ಬರದ ಸಾಲ ಅವನದು. ಬೆಳೆಗೆ ಔಷಧ ಹೊಡೆದು ಕಣ್ಣುರಿಸಿಕೊಂಡವನೂ ಅವನೇ. 12ನೇ ಕಾಲಮ್ಮಿನಲ್ಲಿ ಮಾತ್ರ ಅವನಿಲ್ಲ. ಅಲ್ಲಿರುವುದು ‘ಸ್ವಂತ’ ಎಂಬ ಸುಳ್ಳು.

ಈ ಸುಳ್ಳಿಗೂ ಚರಿತ್ರೆಯಿದೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿ ಗೇಣಿಯನ್ನು ರದ್ದು ಮಾಡಿತು. ಎಷ್ಟೋ ಗೇಣಿದಾರರು ಒಡೆಯರಾದರು. ಕೂಲಿಗೆ ಹೋಗುತ್ತಿದ್ದ ಕೇರಿಯವನು ಗೇಣಿದಾರನೂ ಆಗಿರಲಿಲ್ಲ, ಅವನಿಗೆ ಬರುವುದಾದರೂ ಏನಿತ್ತು? ಆಮೇಲೆ ಗುತ್ತಿಗೆ ನಿಂತಿತೆ? ಇಲ್ಲ, ಬಾಯಿಮಾತಿಗಿಳಿಯಿತು. ಹೆಸರು ಬಿದ್ದರೆ ಭೂಮಿ ಹೋದೀತೆಂಬ ಭಯ ಒಡೆಯನಿಗೆ. ಕಾಗದ ಕೇಳಿದ್ರೆ ಹೊಲಾನೇ ಸಿಗಲ್ಲ ಅನ್ನೋ ಭಯ ಇವನಿಗೆ. ಉಳುವವನಿಗಾಗಿ ಬಂದ ಕಾನೂನಿನ ನೆರಳಿನಲ್ಲೇ ಉಳುವವನು ಮಾಯವಾದ. 2020ರಲ್ಲಿ ಅದೇ ಕಾನೂನನ್ನು ಮತ್ತೆ ತಿದ್ದಿ, ಕೃಷಿಕನಲ್ಲದವನೂ ಹೊಲ ಕೊಳ್ಳಬಹುದು ಎಂದರು. ಕೊಳ್ಳುವವನು ನೆನಪಾದ, ಉಳುವವನು ನೆನಪಾಗಲಿಲ್ಲ.

ಸರಕಾರದ ಹಣ ಹರಿಯುವುದು ಈ ಕಾಗದದ ಕಾಲುವೆಯಲ್ಲೇ. 2019ರ ಫೆಬ್ರವರಿಯಲ್ಲಿ ಪಿ.ಎಂ. ಕಿಸಾನ್ ಶುರುವಾಯಿತು. ವರ್ಷಕ್ಕೆ 6000 ರೂಪಾಯಿ, ಮೂರು ಕಂತು. ಮೊದಲು 2 ಹೆಕ್ಟೇರಿನವರೆಗೆ ಎಂದಿದ್ದ ಮಿತಿಯನ್ನು ಅದೇ ವರ್ಷ ತೆಗೆದರು. ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟರು ನಿಜ. ಆದರೂ ದೊಡ್ಡ ಹಿಡುವಳಿಗೆ ಬಾಗಿಲು ತೆರೆಯಿತು. ಸ್ವಂತ ತುಂಡು ಹೊಲವೂ ಇಲ್ಲದ ಗುತ್ತಿಗೆದಾರ, ಕೂಲಿಕಾರ ಹೊಸ್ತಿಲಾಚೆಯೇ ಉಳಿದರು. 2011ರ ಜನಗಣತಿಯಂತೆ ದೇಶದಲ್ಲಿ ಸಾಗುವಳಿದಾರರು 11.88 ಕೋಟಿ, ಕೃಷಿ ಕೂಲಿಗಳು 14.43 ಕೋಟಿ. ಹೆಚ್ಚು ಮಂದಿಯನ್ನು ಹೊರಗಿಟ್ಟ ಯೋಜನೆಗೆ ‘ಕಿಸಾನ್’ ಎಂಬ ಹೆಸರು! 2023ರ ಬರ ಪರಿಹಾರವೂ ‘ಫ್ರೂಟ್ಸ್’ ನೋಂದಣಿಯ ಜಮೀನು ಲೆಕ್ಕ ಹಿಡಿದೇ ಖಾತೆ ಸೇರಿತು. ಗುತ್ತಿಗೆ ಹೊಲದಲ್ಲಿ ಬೆಳೆ ಒಣಗುವುದು ಒಬ್ಬನದು, ಪರಿಹಾರ ಬರುವುದು ಇನ್ನೊಬ್ಬನಿಗೆ.

ಬೇರೆ ದಾರಿಯೇ ಇಲ್ಲವೆ? ನಮ್ಮ ಗಡಿಯಾಚೆಯ ಆಂಧ್ರದಲ್ಲಿ 2019ರ ರೈತು ಭರೋಸಾ ಯೋಜನೆ ಪರಿಶಿಷ್ಟ, ಹಿಂದುಳಿದ, ಅಲ್ಪಸಂಖ್ಯಾತ ಜಾತಿ ಸಮುದಾಯಗಳ ಭೂಹೀನ ಗುತ್ತಿಗೆದಾರರನ್ನೂ ಸೇರಿಸಿಕೊಂಡಿತ್ತು. ಅದಕ್ಕೆಂದು 11 ತಿಂಗಳ ಕರಾರಿನ ಕಾನೂನೂ ಬಂತು. ಆದರೆ ಒಡೆಯನ ಸಹಿ ಬೇಕೆಂದರು. ಅಲ್ಲೇ ಎಡವಿದರು. ಕೊಡುವವನ ಕೈಯಲ್ಲಿ ಸಹಿ ಇದ್ದರೆ ಪಡೆಯುವವನ ಹಕ್ಕು ಭಿಕ್ಷೆಯಾಗುತ್ತದೆ.

ತಪ್ಪು ನಮ್ಮದೂ ಇದೆ. ‘ಅನ್ನದಾತ’ ಎಂದು ಹಾಡು ಕಟ್ಟಿದೆವು. ಒಡೆಯ, ಗುತ್ತಿಗೆದಾರ, ಹತ್ತಿ ಬಿಡಿಸುವ ಹೆಂಗಸು ಮೂವರನ್ನೂ ಒಂದೇ ಶಬ್ದದ ಕಂಬಳಿಯಲ್ಲಿ ಮುಚ್ಚಿದೆವು. ಎರಡೆಕರೆಯ ಸಾಲಗಾರ ಒಡೆಯ ನಮ್ಮ ಶತ್ರುವಲ್ಲ. ಆದರೆ ಅವನ ಕಷ್ಟ ತೋರಿಸಿ ಹೊಲವೇ ಇಲ್ಲದವನನ್ನು ಮರೆಸುವುದು ಬಂಡಾಯವಲ್ಲ.

ಗೆಳೆಯರೇ, ಮೇಷ್ಟ್ರುಗಳೇ, ಕೆಲಸ ಇದೆ. ಈ ಹಂಗಾಮಿನಲ್ಲಿ ಯಾವ ಹೊಲ ಯಾರು ಬಿತ್ತಿದರೆಂದು ಊರಿಗೆಲ್ಲ ಗೊತ್ತು. ಕಾಗದಕ್ಕೆ ಮಾತ್ರ ಗೊತ್ತಿಲ್ಲ. ಗ್ರಾಮಸಭೆಯಲ್ಲಿ ಅದನ್ನು ಹೇಳಿಸಿ, ಬರೆಸಿ. ಒಡೆತನ ಒಡೆಯನಲ್ಲೇ ಇರಲಿ, ಹಂಗಾಮಿನ ಹಣ ಬಿತ್ತಿದವನಿಗೆ ಬರಲಿ, ಕೂಲಿಯವಳಿಗೆ ಅವಳದೇ ಪಾಲು ಇರಲಿ ಎಂದು ಕೇಳಿ. ಸರಕಾರ 9ನೇ ಕಾಲಂ ಓದಿದ್ದು ಸಾಕು. 12ನೆಯದನ್ನು ನಾವು ಓದಿಸೋಣ.