ಲೀಟರ್ ಲೆಕ್ಕದ ಎದೆಹಾಲು

ಕೊಯಮತ್ತೂರಿನ ತಾಯಿಯೊಬ್ಬರು ಏಳು ತಿಂಗಳಲ್ಲಿ 42 ಲೀಟರ್ ಎದೆಹಾಲು ದಾನ ಮಾಡಿ ದಾಖಲೆ ಪುಸ್ತಕ ಸೇರಿದ ಸುದ್ದಿ 2022ರಲ್ಲಿ ದೇಶವೆಲ್ಲ ಹರಡಿತು. ಅದನ್ನೂ ಮೀರಿಸಿದ ಸುದ್ದಿಗಳು ಆಮೇಲೆ ಬಂದವು. ದಾನಿಗಳ ಮೇಲೆ ನನಗೆ ತುಂಬು ಗೌರವವಿದೆ. ನನ್ನ ತಕರಾರು ಆ ಜಯಘೋಷದ ಮೇಲೆ. ಕಾಯಿಲೆಬಿದ್ದ ಕೂಸುಗಳ ಆರೈಕೆಯನ್ನು ಲೀಟರಿನಲ್ಲಿ ಅಳೆಯಲಾಗದು.

ಮುಂಬೈನ ಸಯಾನ್ ಆಸ್ಪತ್ರೆಯಲ್ಲಿ 1989ರಲ್ಲಿ ಅರ್ಮಿಡಾ ಫರ್ನಾಂಡಿಸ್ ಆರಂಭಿಸಿದ ಹಾಲಿನ ಬ್ಯಾಂಕಿನಿಂದ ನಮ್ಮ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯ ‘ಅಮೃತಧಾರೆ’ಯವರೆಗಿನ ಕಥೆ ಓದುಗರಿಗೆ ಗೊತ್ತು. ಬಾಟಲಿಯೊಳಗೆ ಆಗುವುದನ್ನು ನೋಡೋಣ. ದಾನದ ಹಾಲನ್ನು 62.5 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸುತ್ತಾರೆ. ಸೋಂಕು ತಡೆಯಲು ಅದು ಬೇಕೇ ಬೇಕು. ಆದರೆ ಆ ಬಿಸಿಗೆ ಕೊಬ್ಬು ಕರಗಿಸುವ ಲೈಪೇಸ್ ನಾಶವಾಗುತ್ತದೆ, ಜೀವಕೋಶಗಳು ಸಾಯುತ್ತವೆ, ರೋಗ ತಡೆಯುವ ಅಂಶಗಳು ಕುಗ್ಗುತ್ತವೆ. ಮೇಲಾಗಿ ದಾನಿ ಸಾಮಾನ್ಯವಾಗಿ ದಿನ ತುಂಬಿ ಹೆತ್ತವಳು. ದಿನ ತುಂಬದೆ ಹೆತ್ತವಳ ಮೊದಲ ವಾರಗಳ ಹಾಲಿನಲ್ಲೇ ಪ್ರೋಟೀನು ಹೆಚ್ಚು, ಒಂದು ಕಿಲೋ ತೂಕದ ಕೂಸಿಗೆ ಬೇಕಾದದ್ದೂ ಅದೇ. ಪುಡಿಹಾಲಿಗಿಂತ ದಾನದ ಹಾಲು ಖಂಡಿತ ಮೇಲು; ಕರುಳು ಕೊಳೆಯುವ ಎನ್‌ಇಸಿ ಅದರಿಂದ ಕಡಿಮೆಯಾಗುತ್ತದೆ. ಹಾಗಿದ್ದೂ ಹೆತ್ತವಳ ಹಾಲು ಸಿಗದಾಗ ಮಾತ್ರ ಅದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಹೆತ್ತವಳ ಹಾಲು ಏಕೆ ಸಿಗುವುದಿಲ್ಲ? ಸಿಸೇರಿಯನ್ ಆದ ತಾಯಿ ತಿರುಪ್ಪೂರಿನಲ್ಲೇ ಮಲಗಿದ್ದು, ಕೂಸು 108 ಆಂಬುಲೆನ್ಸಿನಲ್ಲಿ ಕೊಯಮತ್ತೂರಿಗೆ ಹೋದರೆ ಇಬ್ಬರ ನಡುವೆ ಸುಮಾರು ಐವತ್ತು ಕಿಲೋಮೀಟರ್. ಹಾಲು ಇಳಿಯಬೇಕಾದರೆ ಹೆರಿಗೆಯಾದ ಕೆಲವೇ ಗಂಟೆಗಳಲ್ಲಿ ಕೈಯಿಂದ ಹಿಂಡಲು ಶುರುಮಾಡಬೇಕು, ರಾತ್ರಿಯೂ ಸೇರಿ ದಿನಕ್ಕೆ ಎಂಟು ಸಲವಾದರೂ ಹಿಂಡಬೇಕು. ಮೊದಲು ಬರುವುದು ಕೆಲವೇ ಹನಿ ಗಿಣ್ಣುಹಾಲು. ಅದನ್ನು ಕಂಡು ‘ಇವಳಿಗೆ ಹಾಲೇ ಇಲ್ಲ’ ಎಂದುಬಿಟ್ಟರೆ ಅಲ್ಲಿಗೆ ಮುಗಿಯಿತು. ತಿರುಪ್ಪೂರಿನ ಬನಿಯನ್ ಕಾರ್ಖಾನೆಗೆಂದು ಒಡಿಶಾದಿಂದಲೋ ಬಿಹಾರದಿಂದಲೋ ಬಂದವಳ ಪಕ್ಕದಲ್ಲಿ ಧೈರ್ಯ ಹೇಳಲು ತವರಿನವರೂ ಇರುವುದಿಲ್ಲ. ಚೀಪಲು ಬಾರದ ಕೂಸಿಗೆ ನಳಿಕೆಯಲ್ಲಿ, ಆಮೇಲೆ ಒಳಲೆಯಲ್ಲಿ ಕುಡಿಸಿ, ಕೊನೆಗೆ ಮೊಲೆಗೆ ಹಚ್ಚುವ ಕೆಲಸಕ್ಕೆ ವಾರಗಟ್ಟಲೆ ತಾಳ್ಮೆಯ ದಾದಿಯರು ಬೇಕು. ಅವರಿಗೆ ಯಾವ ದಾಖಲೆ ಪುಸ್ತಕದಲ್ಲೂ ಜಾಗವಿಲ್ಲ.

ಎಲ್ಲ ದೋಷವನ್ನೂ ಪುಡಿಹಾಲಿನ ಕಂಪನಿಗಳ ತಲೆಗೆ ಕಟ್ಟುವವರೊಡನೆಯೂ ನನಗೆ ಜಗಳವಿದೆ. 1992ರ ಕಾಯ್ದೆ ಪುಡಿಹಾಲಿನ ಜಾಹೀರಾತನ್ನು ತಡೆಯಿತು. 2024ರಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಎದೆಹಾಲಿನ ಮಾರಾಟ ಕೂಡದೆಂದಿತು. ಎರಡೂ ಸರಿಯೇ. ಆದರೆ ಇವರ ವಾದ ಅಲ್ಲಿಗೇ ನಿಲ್ಲುತ್ತದೆ; ಶಿಶು ಘಟಕದ ಹೊರಗೆ ಕಾದು ಕೂತ ಬಾಣಂತಿ ಅದರಲ್ಲಿ ಬರುವುದೇ ಇಲ್ಲ. ದೆಹಲಿಯ ಸಫ್ದರ್‌ಜಂಗ್ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವನ್ನು ಇವರು ಓದಬೇಕು. ಹುಟ್ಟಿದ ಕೂಡಲೇ ತಾಯಿ ಮಗುವನ್ನು ಒಂದೇ ಘಟಕದಲ್ಲಿಟ್ಟು ಕೂಸನ್ನು ಎದೆಗಪ್ಪಿ ಮೈಗೆ ಮೈ ತಾಗಿಸಿಡುವ ಕಾಂಗರೂ ಆರೈಕೆ ಕೊಟ್ಟಾಗ, ಕಡಿಮೆ ತೂಕದ ಕೂಸುಗಳ ಸಾವು ಸುಮಾರು ಕಾಲುಭಾಗ ಇಳಿಯಿತು. ಅಲ್ಲಿ ಆಗಿದ್ದ ಮುಖ್ಯ ಬದಲಾವಣೆ, ಘಟಕದೊಳಗೆ ತಾಯಿಗೊಂದು ಮಂಚ.

ಕೊಯಮತ್ತೂರು, ತಿರುಪ್ಪೂರು ಎರಡೂ ಜಿಲ್ಲೆಗಳ ಆಸ್ಪತ್ರೆಗಳು ಪ್ರತಿ ವರ್ಷ ಮೂರು ಲೆಕ್ಕ ಪ್ರಕಟಿಸಲಿ: ಹೆರಿಗೆಯಾಗಿ ಎಷ್ಟು ಗಂಟೆಗೆ ತಾಯಿ ಮೊದಲು ಹಾಲು ಹಿಂಡಿದಳು, ಎಷ್ಟು ತಾಯಂದಿರಿಗೆ ಕೂಸಿನ ಪಕ್ಕ ಮಂಚ ಸಿಕ್ಕಿತು, ಎಷ್ಟು ಕೂಸುಗಳು ಮೊಲೆ ಚೀಪುತ್ತ ಮನೆಗೆ ಹೋದವು. ಲೀಟರುಗಳ ಲೆಕ್ಕ ಆಮೇಲೆ ಬರಲಿ.